ಎರಡು ಅಡಿ ಜಾಗದ ಅಂಜೂರ

ನಮ್ಮ ಉಮಾನಾಥ ಭಾವ ಹೊಸ ಯಂತ್ರ ತೋರಿಸುವ ದಿನ ಮನೆಯಲ್ಲಿ ಯಾರೂ ಒಳ್ಳೆಯ ಬಟ್ಟೆ ಉಡುವುದಿಲ್ಲ. ಹಿಂದೊಮ್ಮೆ ಉಟ್ಟಿದ್ದೆವು. ಅದು ತೆಂಗಿನಕಾಯಿ ತುರಿಯುವ ಯಂತ್ರ. ಕಾಯಿಯ ಜೊತೆ ಕುಸುಮಕ್ಕನ ಸೀರೆಯ ಸೆರಗನ್ನೂ ನುಣ್ಣಗೆ ತುರಿದು ಬಟ್ಟಲಿಗೆ ಹಾಕಿತ್ತು. ಹಾಗಾಗಿ ಆ ಭಾನುವಾರ ಬೆಳಿಗ್ಗೆ ಭಾವ "ಎಲ್ಲ ಹಾಲ್‌ಗೆ ಬನ್ನಿ" ಎಂದು ಕರೆದಾಗ ನಾನು ಹಳೇ ನೈಟಿಯಲ್ಲೇ ಹೋಗಿ, ಬಾಗಿಲ ಹತ್ತಿರ, ಓಡಲು ಅನುಕೂಲವಾಗುವ ಜಾಗದಲ್ಲಿ ನಿಂತೆ.

ಮೇಜಿನ ಮೇಲೆ ಹೊಲಿಗೆ ಯಂತ್ರದಷ್ಟು ದೊಡ್ಡದೊಂದು ಪೆಟ್ಟಿಗೆ ಇತ್ತು. ತಳ ನಮ್ಮ ಹಳೇ ಮಿಕ್ಸಿಯದ್ದು. ಒಳಗಿನ ಗಾಜಿನ ಕೊಳವೆಗಳು ಭಾವ ರಸಾಯನಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನವು. ನಿವೃತ್ತಿಯ ದಿನ ಹಾರ, ಶಾಲಿನ ಜೊತೆ ಅವೂ ಮನೆಗೆ ಬಂದಿದ್ದವು. ಮುಂದುಗಡೆ ಬಸ್ ಟಿಕೆಟ್ ಹೊರಬರುವಂಥ ಒಂದು ಸೀಳು.

"ಇದರ ಹೆಸರು ಹುಟ್ಟೂರು" ಎಂದರು ಭಾವ. "ಯಾವ ವಸ್ತು ಬೇಕಾದರೂ ಇಡಿ. ಅದು ಯಾವ ಮಣ್ಣಿನ ಉಪ್ಪು ಹೀರಿದೆ, ಯಾವ ನೀರು ಕುಡಿದಿದೆ ಅಂತ ಬೆಳಕು ಹಾಯಿಸಿ ನೋಡ್ತದೆ. ನೋಡಿ ಊರಿನ ಹೆಸರು ಪ್ರಿಂಟ್ ಮಾಡಿ, ಆ ವಸ್ತುವಿಗೇ ಅಂಟಿಸ್ತದೆ. ಪೇಟೆಯ ಸ್ಟಿಕರೆಲ್ಲ ನಮ್ಮ ಈ ಸೆಕೆಗೆ ಎರಡೇ ದಿನದಲ್ಲಿ ಬಿದ್ದು ಹೋಗ್ತದೆ. ಅದಕ್ಕೆ ಅಂಟು ನಾನೇ ಮಾಡಿದ್ದು. ಹಲಸಿನ ಮೇಣ, ಮತ್ತೊಂದು ಸಣ್ಣ ಗುಟ್ಟು."

ಕುಸುಮಕ್ಕ ಎಂದರೆ ಭಾವನ ಹೆಂಡತಿ, ನನಗೆ ಓರಗಿತ್ತಿ. ಅವರು ಒಳಗಿನಿಂದ ಒಂದು ಹಿಡಿ ಕುಚ್ಚಲಕ್ಕಿ ತಂದು ಯಂತ್ರದ ತಟ್ಟೆಗೆ ಹಾಕಿದರು. ಅದು ಅವರ ತಮ್ಮ ಪ್ರತಿವರ್ಷ "ನಮ್ಮದೇ ಗದ್ದೆಯದ್ದು ಅಕ್ಕ" ಎಂದು ಕಳಿಸುವ ಅಕ್ಕಿ. ಬೇರೆ ಅಕ್ಕಿಯ ಅನ್ನ ಅವರ ಗಂಟಲಲ್ಲಿ ಇಳಿಯುವುದಿಲ್ಲ.

ಯಂತ್ರ ಗುಂಯ್‌ಗುಟ್ಟಿತು, ಕೆಮ್ಮಿತು, ಚೀಟಿ ಕೊಟ್ಟಿತು. ಚೀಟಿಯಲ್ಲಿ "ಗೋದಾವರಿ ಮುಖಜ ಭೂಮಿ, ಆಂಧ್ರಪ್ರದೇಶ" ಎಂದಿತ್ತು.

"ಹಾಳಾದ ಯಂತ್ರ" ಎಂದರು ಕುಸುಮಕ್ಕ.

"ಯಂತ್ರ ಅಲ್ಲ, ಹಾಳಾದದ್ದು ನಿನ್ನ ತಮ್ಮ" ಎಂದರು ಭಾವ, ಬಹಳ ಖುಷಿಯಿಂದ.

ತಮ್ಮನಿಗೆ ಫೋನ್ ಹೋಯಿತು. ಆಮೇಲೆ ಗದ್ದೆ ಮಾರಿ ಆರು ವರ್ಷವಾಯಿತೆಂಬ ಸಂಗತಿ ಹೊರಬಂತು. ಕುಸುಮಕ್ಕ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನ ಯಾರಿಗೂ ಊಟವಿರಲಿಲ್ಲ. ಆದರೆ ಯಂತ್ರ ಸುಳ್ಳು ಹೇಳುವುದಿಲ್ಲ ಎಂಬುದು ಖಾತ್ರಿಯಾಯಿತು, ನನಗೆ ಬೇಕಾಗಿದ್ದದ್ದೂ ಅದೇ.

ನನ್ನ ಹೆಸರು ವಾರಿಜಾ. ಗಂಡ, ಅಂದರೆ ಭಾವನ ತಮ್ಮ, ಹಡಗಿನಲ್ಲಿ ಕೆಲಸಕ್ಕಿದ್ದಾರೆ. ವರ್ಷದ ಒಂಬತ್ತು ತಿಂಗಳು ನೀರಿನ ಮೇಲೆ. ನಾನು ನಮ್ಮ ಹೊಸಳಿವೆ ಬಂದರಿನಲ್ಲಿ ಕ್ಲಿಯರಿಂಗ್ ಏಜೆಂಟ್. ಹೊರದೇಶದಿಂದ ಬಂದವರ ಸರಕಿಗೆ ಕಾಗದಪತ್ರ ಮಾಡಿಸಿ, ಕಸ್ಟಮ್ಸಿನಿಂದ ಬಿಡಿಸಿ ಕೊಡುವುದು ನನ್ನ ಕಸುಬು. ಹದಿನೆಂಟು ವರ್ಷ ಬೇರೆಯವರ ಸರಕು ಬಿಡಿಸಿದೆ. ಮೊದಲ ಬಾರಿಗೆ ನನ್ನ ಹೆಸರಿನಲ್ಲಿ, ನನ್ನ ಆಸೆಯಿಂದ ಒಂದು ಸರಕು ತರಿಸಿದ್ದೆ. ಅದು ಸಿಕ್ಕಿಹಾಕಿಕೊಂಡಿತ್ತು.

ಅದು ಒಣ ಅಂಜೂರ. ಒಂಬೈನೂರು ಪೆಟ್ಟಿಗೆ. ಬೆಳೆದದ್ದು ಜರಾನ್ ಕಣಿವೆಯ ಅಶ್ಪೀ ಎಂಬ ಹಳ್ಳಿಯ ಹೆಂಗಸರು. ಆ ಕಣಿವೆ ತನ್ನದು ಎಂದು ತೂರಿಯ ಎಂಬ ದೇಶ ಹೇಳುತ್ತದೆ, ತನ್ನದು ಎಂದು ಪಕ್ಕದ ಬೆಲ್ಮಾರ್ ಹೇಳುತ್ತದೆ. ಎರಡೂ ಸೈನ್ಯಗಳು ಎರಡು ಬದಿಯ ಗುಡ್ಡದ ಮೇಲೆ ಕೂತಿವೆ. ನಡುವೆ ಈ ಹೆಂಗಸರು ತಮ್ಮ ಮನೆಗಳ ಛಾವಣಿಯ ಮೇಲೆ ಅಂಜೂರ ಒಣಗಿಸುತ್ತಾರೆ. ಅವರ ಸಂಘದ ಕಾರ್ಯದರ್ಶಿ ನಾರೀನ್ ನನಗೆ ಒಂದು ಆಹಾರ ಮೇಳದಲ್ಲಿ ಪರಿಚಯವಾದವಳು. ಅವಳು ತನ್ನ ಭಾಷೆಯಲ್ಲಿ ಮಾತಾಡಿ ಕಳಿಸಿದ್ದನ್ನು ನನ್ನ ಫೋನು ಕನ್ನಡ ಮಾಡಿ ಓದುತ್ತದೆ. ಹಾಗಾಗಿ ನಾರೀನ್ ನನ್ನ ಪಾಲಿಗೆ ಹೈಸ್ಕೂಲಿನ ಕನ್ನಡ ಪಂಡಿತರ ಹಾಗೆ ಮಾತಾಡುವವಳು.

"ಪ್ರಿಯ ಸಹೋದರಿ" ಎಂದಿದ್ದಳು ಮೊದಲ ದಿನವೇ, "ದೇಶದ ಹೆಸರನ್ನು ನೀವು ಏನು ಬೇಕಾದರೂ ಬರೆಯಿರಿ. ನಮಗೆ ಅಭ್ಯಾಸವಾಗಿದೆ. ಆದರೆ ಹಳ್ಳಿಯ ಹೆಸರನ್ನು ಅಳಿಸಬೇಡಿ. ನಮ್ಮ ಬಳಿ ಉಳಿದಿರುವುದು ಅದೊಂದೇ." ಪ್ರತಿ ಪೆಟ್ಟಿಗೆಯ ಮೇಲೂ ಮರದ ಅಚ್ಚಿನಿಂದ ಅಶ್ಪೀ ಎಂದು ಕೆಂಪಾಗಿ ಒತ್ತಿದ್ದರು. ಅಳಿಸುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಮಾತು ಕೊಡುವಾಗ ಹೊಸ ಲೇಬಲ್ ನಿಯಮ ಬಂದಿರಲಿಲ್ಲ. ಸರಕು ಸಮುದ್ರದಲ್ಲಿದ್ದಾಗ ಅದು ಬಂತು. ವಿವಾದಿತ ಪ್ರದೇಶದ ವಸ್ತುಗಳಿಗೆ ಮೂಲದೇಶದ ಲೇಬಲ್ ಸರಿಯಾಗಿಲ್ಲದಿದ್ದರೆ ಬಿಡುವಂತಿಲ್ಲ. ತೂರಿಯ ಎಂದು ಬರೆದರೆ ಬೆಲ್ಮಾರಿನ ರಾಯಭಾರಿಯ ಆಕ್ಷೇಪ. ಬೆಲ್ಮಾರ್ ಎಂದು ಬರೆದರೆ, ತೂರಿಯದ ಬಂದರಿನಿಂದ ಹೊರಟ ನನ್ನ ಕಾಗದಪತ್ರವೆಲ್ಲ ಸುಳ್ಳಾಗುತ್ತದೆ. ಜರಾನ್ ಎಂದು ಬರೆಯೋಣವೆಂದರೆ ಕಂಪ್ಯೂಟರಿನ ಇಂಗ್ಲಿಷ್ ಪಟ್ಟಿಯಲ್ಲಿ ಜಪಾನ್ ಆದ ಮೇಲೆ ಸೀದಾ ಜೋರ್ಡಾನ್. ಖಾಲಿ ಬಿಟ್ಟರೆ ವಸ್ತುವಿಗೆ ಮೂಲವೇ ಇಲ್ಲ. ಮೂಲವಿಲ್ಲದ ವಸ್ತು ಬಂದೇ ಇಲ್ಲ ಎಂದು ಕಂಪ್ಯೂಟರ್ ತಿಳಿಯುತ್ತದೆ. ಬಂದೇ ಇಲ್ಲದ ವಸ್ತುವನ್ನು ಹೊರಗೆ ಬಿಡುವುದು ಹೇಗೆ?

ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ಶೆಡ್ಡಿನೊಳಗೆ ಬೇಯುವ ಸೆಕೆ. ಜೂನ್ ಹನ್ನೆರಡಕ್ಕೆ ಆಹಾರ ಪರೀಕ್ಷಕರು ಬರುವುದೆಂದು ನಿಗದಿಯಾಗಿತ್ತು. ಅಷ್ಟರೊಳಗೆ ಬಿಡಿಸದಿದ್ದರೆ ಹುಳ ಹಿಡಿಯುವುದು ಖಂಡಿತ, ಹುಳ ಹಿಡಿದರೆ ಒಂಬೈನೂರು ಪೆಟ್ಟಿಗೆಯೂ ನಾಶ. ನಾನು ಆ ದಿನಗಳಲ್ಲಿ ಊಟ ಮಾಡಿದ್ದು ನೆನಪಿಲ್ಲ.

ಅದಕ್ಕೇ ಆ ಭಾನುವಾರ, ಮನೆಯಲ್ಲಿ ಎಲ್ಲರೂ ಹಸಿದು ಮುಖ ಊದಿಸಿ ಕೂತಿದ್ದಾಗ, ನಾನು ಬ್ಯಾಗಿನಿಂದ ಸ್ಯಾಂಪಲ್ ಅಂಜೂರ ಒಂದನ್ನು ತೆಗೆದು ತಟ್ಟೆಯಲ್ಲಿಟ್ಟೆ. ಹುಟ್ಟೂರು ಗುಂಯ್‌ಗುಟ್ಟಿತು. ಚೀಟಿ ಬಂತು. "ಅಶ್ಪೀ ಗ್ರಾಮ, ಜರಾನ್ ಕಣಿವೆ, ದಕ್ಷಿಣದ ಇಳಿಜಾರು, ಹಿಮ ಕರಗಿದ ನೀರು."

ನನಗೆ ಅಳು ಬಂತು. ಹಿಮ ಕರಗಿದ ನೀರು ಎಂಬುದನ್ನು ಎಷ್ಟು ಸಲ ಓದಿದೆನೋ. ಒಂದು ತಿಂಗಳಿನಿಂದ ಯಾವ ಕಚೇರಿಯೂ ಹೇಳದ ಸತ್ಯವನ್ನು ಒಂದು ಮಿಕ್ಸಿ ಹೇಳಿತ್ತು.

* * *

ಕಸ್ಟಮ್ಸ್ ಸೂಪರಿಂಟೆಂಡೆಂಟ್ ಬಿರಾದಾರ ಸಾಹೇಬರು ವಿಜಯಪುರದ ಕಡೆಯವರು. ಮನುಷ್ಯ ಒಳ್ಳೆಯವರು. ಒಳ್ಳೆಯವರಾದ್ದರಿಂದಲೇ ನನ್ನ ಫೈಲು ನೋಡಿದಾಗೆಲ್ಲ ಅವರ ಮುಖ ಬಾಡುತ್ತಿತ್ತು. ಸೋಮವಾರ ಭಾವನನ್ನೂ ಯಂತ್ರವನ್ನೂ ಕರೆದುಕೊಂಡು ಅವರ ಎದುರು ನಿಂತೆ.

ಅವರು ಪರೀಕ್ಷೆಗೆಂದು ತಮ್ಮ ಊಟದ ಡಬ್ಬಿಯ ಶೇಂಗಾ ಚಟ್ನಿಯನ್ನೇ ಇಟ್ಟರು. ಯಂತ್ರ ಅವರ ತಾಲ್ಲೂಕು, ಹೋಬಳಿ, ಹಳ್ಳದ ಹೆಸರನ್ನೂ ಹೇಳಿತು.

"ನಮ್ಮ ಹೊಲಾನ ಐತ್ರೀ ಇದು" ಎಂದು ಸಾಹೇಬರು ಕಣ್ಣು ಒರೆಸಿಕೊಂಡರು. ಆಮೇಲೆ ಅಂಜೂರದ ಚೀಟಿ ನೋಡಿ ತಲೆಯಾಡಿಸಿದರು. "ಮಸ್ತ್ ಐತ್ರಿ ಮೇಡಮ್. ಆದ್ರ ಇದು ಖರೇ ಹೇಳ್ತೈತಿ. ನಮಗ ಖರೇ ಬ್ಯಾಡ್ರಿ, ನಿಯಮ ಬೇಕು. ನಿಯಮದಾಗ ಹ್ಯಾಂಗ ಬರೀಬೇಕಂತ ಐತಿ, ಹಂಗ ಬರೀಲಿಕ್ಕ ಕಲಿಸ್ರಿ ಇದಕ್ಕ. ಕಲಿಸಿದ್ರ ಪ್ರಾಯೋಗಿಕ ಅಂತ ನಾ ಆರ್ಡರ್ ಹಾಕ್ತೀನಿ. ಇದು ಕೊಟ್ಟ ಲೇಬಲ್ಲೇ ಕಡೀದು. ನನಗೂ ಸಾಕಾಗೈತಿ. ಶೆಡ್ಡಿನಾಗ ಒಂಥರಾ ವಾಸನಿ ಬರಾಕತ್ತೈತಿ."

ಭಾವ ಎದೆಯುಬ್ಬಿಸಿ "ಎರಡು ದಿನ ಕೊಡಿ" ಎಂದರು.

ಮನೆಗೆ ಬಂದು ನಿಯಮದ ನಲವತ್ತು ಪುಟವನ್ನೂ ಯಂತ್ರಕ್ಕೆ ತಿನ್ನಿಸಿದರು. ಯಂತ್ರ ಎಲ್ಲವನ್ನೂ ಓದಿ, ಒಂದು ಪ್ರಶ್ನೆಯ ಚೀಟಿ ಹೊರಹಾಕಿತು. "ವಿವಾದಿತ ಪ್ರದೇಶ ಎಂದರೇನು? ಉದಾಹರಣೆ ಕೊಡಿ."

ನ್ಯಾಯವಾದ ಪ್ರಶ್ನೆ. ನಿಯಮದ ನಲವತ್ತು ಪುಟದಲ್ಲಿ ಅದೊಂದಕ್ಕೆ ಉತ್ತರವಿರಲಿಲ್ಲ. ತೂರಿಯ, ಬೆಲ್ಮಾರುಗಳ ದಾಖಲೆ ಓದಿಸೋಣವೆಂದರೆ ಆ ಲಿಪಿಯನ್ನು ಭಾವನೂ ಓದಲಾರರು, ಯಂತ್ರವೂ ಓದಲಾರದು. ನಾರೀನ್‌ಗೆ ಕೇಳಿ ಕನ್ನಡ ಮಾಡಿಸಿ ಕೊಡುತ್ತೇನೆ, ಒಂದು ದಿನ ತಡೆಯಿರಿ ಎಂದು ನಾನು ಹೇಳಿಯೇ ಬಂದರಿಗೆ ಹೋಗಿದ್ದೆ. ಸಂಜೆ ಬಂದು ನೋಡಿದರೆ ಭಾವ ಆರಾಮವಾಗಿ ಚಹಾ ಕುಡಿಯುತ್ತಿದ್ದಾರೆ.

"ಆಯ್ತು ವಾರಿಜಾ. ಉದಾಹರಣೆ ಕೊಟ್ಟೆ."

"ಯಾವ ಉದಾಹರಣೆ ಭಾವ?"

"ನಮ್ಮದೇ ಉಂಟಲ್ಲ. ಅದಕ್ಕಿಂತ ಒಳ್ಳೆ ಉದಾಹರಣೆ ಪ್ರಪಂಚದಲ್ಲಿ ಎಲ್ಲಿ ಸಿಗ್ತದೆ?"

ನಮ್ಮ ಮನೆಗೂ ಪಕ್ಕದ ದೂಮಪ್ಪ ಸಾಲಿಯಾನರ ಮನೆಗೂ ನಡುವೆ ಎರಡು ಅಡಿ ಅಗಲದ ಒಂದು ಪಟ್ಟಿ ಜಾಗವಿದೆ. ಇತ್ತ ನಮ್ಮ ಕಾಂಪೌಂಡು ಗೋಡೆ, ಅತ್ತ ಅವರದು, ನಡುವೆ ನಾಲ್ಕು ಕೆಸುವಿನ ಗಿಡ ಮತ್ತು ತಳ ಒಡೆದ ಒಂದು ಬಕೆಟು. ಅದು ಯಾರದು ಎಂದು ಇಪ್ಪತ್ತೆರಡು ವರ್ಷದಿಂದ ಕೇಸು. ಕೋರ್ಟಿನ ಅಮೀನರು ಅಳೆದದ್ದು, ಕಮಿಷನರು ಅಳೆದದ್ದು, ಮತ್ತೆ ಅಳೆದದ್ದು, ತಡೆಯಾಜ್ಞೆ, ಯಥಾಸ್ಥಿತಿ ಎಲ್ಲ ಸೇರಿ ಮೂರು ಕಟ್ಟು ಫೈಲು. ಮೂರನ್ನೂ ಯಂತ್ರಕ್ಕೆ ಓದಿಸಿದ್ದರು.

"ಅದು ಬೇರೆ, ಇದು ಬೇರೆ ಭಾವ."

"ವಿವಾದ ಅಂದ್ರೆ ಎಲ್ಲ ಕಡೆ ಒಂದೇ ಮಾರಾಯ್ತಿ" ಎಂದರು ಭಾವ. ಇಡೀ ಈ ಪ್ರಕರಣದಲ್ಲಿ ಅವರು ಆಡಿದ ಒಂದೇ ಒಂದು ನಿಜವಾದ ಮಾತು ಅದು. ಆದರೆ ಅವರಿಗೇ ಅದು ಗೊತ್ತಿರಲಿಲ್ಲ.

* * *

ಬುಧವಾರ ಶೆಡ್ಡಿನಲ್ಲಿ ಯಂತ್ರವನ್ನು ಚಕ್ರದ ಗಾಡಿಯ ಮೇಲಿಟ್ಟರು. ಸಾಲುಸಾಲಾಗಿ ಜೋಡಿಸಿದ ಪೆಟ್ಟಿಗೆಗಳ ನಡುವೆ ತಾನೇ ಚಲಿಸಿ ಅಂಟಿಸುವಂತೆ ಭಾವ ಮಾಡಿದ್ದರು. ಬಿರಾದಾರ ಸಾಹೇಬರು ತಮ್ಮ ಆರ್ಡರಿಗೆ ಸಹಿ ಹಾಕಿ ಸೀಲು ಒತ್ತಿದರು. ಒಮ್ಮೆ ಆರಂಭಿಸಿದ ಲೇಬಲಿಂಗನ್ನು ಸರಕು ಮುಗಿಯುವವರೆಗೆ ನಿಲ್ಲಿಸತಕ್ಕದ್ದಲ್ಲ, ಅಂಟಿಸಿದ ಲೇಬಲನ್ನು ಬದಲಿಸತಕ್ಕದ್ದಲ್ಲ ಎಂದು ಅದರಲ್ಲಿತ್ತು. ಮೋಸ ನಡೆಯದಿರಲಿ ಎಂದು ಹಾಕಿದ ಷರತ್ತು.

ಹುಟ್ಟೂರು ಮೊದಲ ಪೆಟ್ಟಿಗೆಯ ಬಳಿ ಹೋಯಿತು. ಬೆಳಕು ಹಾಯಿಸಿತು. ಮುಂಚಿನ ಹಾಗೆ ತಟ್ಟನೆ ಹೇಳಲಿಲ್ಲ. ಬಹಳ ಹೊತ್ತು ಯೋಚಿಸಿತು. ಆಮೇಲೆ ಅಂಗೈಯಗಲದ ಲೇಬಲೊಂದನ್ನು ಹೊರಡಿಸಿ, ಸರಿಯಾಗಿ ಅಶ್ಪೀ ಎಂಬ ಕೆಂಪಕ್ಷರದ ಮೇಲೆಯೇ ಅಂಟಿಸಿತು. ನಾನು ಬಗ್ಗಿ ಓದಿದೆ.

"ಮೂಲ: ವಿವಾದಿತ ಪ್ರದೇಶ. ಸರ್ವೆ ನಂಬರ್ 114/2ಬಿ, ಹೊಸಳಿವೆ. ಉಮಾನಾಥ ಶ್ರೀಯಾನ್ ಹಾಗೂ ದೂಮಪ್ಪ ಸಾಲಿಯಾನ್ ಇವರ ಮನೆಗಳ ನಡುವಿನ ಎರಡು ಅಡಿ ಜಾಗ. ಯಥಾಸ್ಥಿತಿ ಕಾಪಾಡತಕ್ಕದ್ದು."

"ಭಾವ, ನಿಲ್ಲಿಸಿ ಅದನ್ನು."

"ನಿಲ್ಲಿಸ್ಲಿಕ್ಕೆ ಸ್ವಿಚ್ ಉಂಟಲ್ಲ" ಎನ್ನುತ್ತ ಭಾವ ಕೈ ಚಾಚಿದರು.

ಬಿರಾದಾರ ಸಾಹೇಬರು ಅವರ ಕೈ ಹಿಡಿದುಕೊಂಡರು. "ಮುಟ್ಟಬ್ಯಾಡ್ರಿ ಸರ. ಆರ್ಡರ್ ಐತಿ."

"ನಿಮ್ಮದೇ ಆರ್ಡರ್ ಅಲ್ವಾ ಸಾರ್, ನೀವೇ ತೆಗೀರಿ" ಎಂದೆ ನಾನು.

"ನಂದ ಆರ್ಡರ್ ಅಂತ ನಾನ ಮುರಿದ್ರ, ನಾಳಿ ಯಾರ್ ಪಾಲಿಸ್ತಾರ್ರೀ ಅದನ್ನ?"

ಅವರಿಬ್ಬರೂ ಹೀಗೆ ಕೈ ಕೈ ಹಿಡಿದುಕೊಂಡು ನಿಂತಿದ್ದಾಗ ಹುಟ್ಟೂರು ಹದಿನೇಳನೆಯ ಪೆಟ್ಟಿಗೆ ದಾಟಿತ್ತು. ಒಂದು ಸಲ ವಿವಾದದ ರುಚಿ ಹತ್ತಿದ ಮೇಲೆ ಅದಕ್ಕೆ ಬೇರೇನೂ ರುಚಿಸಲಿಲ್ಲ. ಎರಡು ವಿಭಾಗದವರು ತಮ್ಮದು ತಮ್ಮದು ಎನ್ನುವ ಟೇಬಲ್ ಫ್ಯಾನಿಗೆ ವಿವಾದಿತ ಎಂದು ಅಂಟಿಸಿತು, ಅದೇ ಸರ್ವೆ ನಂಬರು. ತೂಕದ ಯಂತ್ರಕ್ಕೆ ಅಂಟಿಸಿತು. ಸಾಹೇಬರ ಕುರ್ಚಿಗೆ ಅಂಟಿಸಿತು. ಆ ಕುರ್ಚಿಗೆ ಬಡ್ತಿ ಪಡೆದು ಬರಲು ಇಬ್ಬರು ಹೊಂಚುತ್ತಿದ್ದದ್ದು ಕಚೇರಿಗೆಲ್ಲ ಗೊತ್ತಿತ್ತು. ಅಲ್ಲೇ ನಿಂತಿದ್ದ ಸಾಹೇಬರ ಪ್ಯಾಂಟಿನ ಹಿಂಭಾಗಕ್ಕೂ ಒಂದು ಅಂಟಿತು. ಎಳೆದರೆ ಪ್ಯಾಂಟೇ ಬರುವ ಹಾಗಿತ್ತು, ಲೇಬಲ್ ಬರಲಿಲ್ಲ. ಸಾಯಂಕಾಲ ಐದಕ್ಕೆ ಒಂಬೈನೂರನೆಯ ಪೆಟ್ಟಿಗೆ ಮುಗಿಸಿ, ಯಂತ್ರ ಒಂದು ತೃಪ್ತಿಯ ಕೆಮ್ಮು ಕೆಮ್ಮಿ ನಿಂತಿತು.

ಸಾಹೇಬರು ಗೋಡೆಗೆ ಬೆನ್ನು ಕೊಟ್ಟುಕೊಂಡೇ ಫೈಲು ಬರೆದರು. ಬರೆಯುತ್ತ ಬರೆಯುತ್ತ ಅವರ ಮುಖ ಅರಳಿತು.

"ಮೇಡಮ್, ನಿಮ್ಮ ಅಂಜೂರ ಹೊಸಳಿವೆಯ ಬೆಳಿ ಐತ್ರಿ. ಅಂದ್ರ ಇದು ಇಂಪೋರ್ಟ್ ಅಲ್ಲ. ನಮ್ಮ ಕಚೇರಿಗೆ ಸಂಬಂಧ ಇಲ್ಲ. ಒಯ್ರಿ, ಈಗಿಂದೀಗ ಒಯ್ರಿ."

ಒಂದು ತಿಂಗಳ ಮೇಲೆ ನನ್ನ ಅಂಜೂರ ಗೇಟು ದಾಟಿತು. ಲಾರಿಯ ಮುಂದುಗಡೆ ಕೂತಿದ್ದ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಳ್ಳಿಯ ಹೆಸರು ಮುಚ್ಚಿತ್ತು, ನಿಜ. ಗೋದಾಮಿಗೆ ಹೋಗಿ ಲೇಬಲ್ ಕಿತ್ತರಾಯಿತು, ಹೆಸರು ಅಡಿಯಲ್ಲಿ ಇದ್ದೇ ಇರುತ್ತದಲ್ಲ ಎಂದುಕೊಂಡೆ. ಹೋಗಿ ತೆಂಗಿನೆಣ್ಣೆ ಹಚ್ಚಿದೆ, ಸೀಮೆಎಣ್ಣೆ ಹಚ್ಚಿದೆ, ಬಿಸಿನೀರು ಹಾಕಿದೆ. ಕೊನೆಗೆ ಒಂದು ಪೆಟ್ಟಿಗೆಯದ್ದು ಬಂತು. ಲೇಬಲಿನ ಜೊತೆ ಅಶ್ಪೀ ಎಂಬುದೂ ಎದ್ದು ಬಂತು. ಮರ ಬೋಳಾಗಿ ಉಳಿಯಿತು. ಆಮೇಲೆ ನಾನು ಬೇರೆ ಯಾವ ಪೆಟ್ಟಿಗೆಯನ್ನೂ ಮುಟ್ಟಲಿಲ್ಲ.

* * *

ಮಾರುವುದಕ್ಕಾದರೂ ಆಗುತ್ತದೆಯೇ ಎಂದರೆ, ಅದೂ ಇಲ್ಲ. ಲೇಬಲಿನ ಕೊನೆಯ ಸಾಲು ಓದಿದ ಅಂಗಡಿಯವರೆಲ್ಲ ಪೆಟ್ಟಿಗೆಯನ್ನು ಮೆಲ್ಲನೆ ನನ್ನ ಕಡೆಗೇ ತಳ್ಳಿದರು. ಯಥಾಸ್ಥಿತಿ ಎಂದರೆ ಆ ಜಾಗದ ಒಂದು ಕೆಸುವಿನ ಎಲೆಯನ್ನೂ ಎರಡೂ ಪಕ್ಷದವರ ಒಪ್ಪಿಗೆಯಿಲ್ಲದೆ ಕೊಯ್ಯುವಂತಿಲ್ಲ. ನಾನು ವಕೀಲರನ್ನು ಕೇಳಿದೆ. ಸರಕಾರಿ ಆರ್ಡರಿನ ಪ್ರಕಾರ ಅಂಟಿದ ಲೇಬಲು, ಅದನ್ನು ಸುಳ್ಳೆಂದು ಸಾಬೀತು ಮಾಡಲು ಬೇರೆ ಕೇಸು ಹಾಕಬೇಕು, ನಾಲ್ಕು ವರ್ಷ ಹಿಡಿಯಬಹುದು ಎಂದರು. ಅದಕ್ಕಿಂತ ಸುಲಭದ ದಾರಿ ಒಂದೇ. ಭಾವ, ದೂಮಪ್ಪಣ್ಣ ಇಬ್ಬರೂ ಕೂತು ಒಂದು ರಾಜಿಪತ್ರಕ್ಕೆ ಸಹಿ ಹಾಕಿದರೆ ಜಾಗ ವಿವಾದಿತವಲ್ಲ, ಅಂಜೂರಕ್ಕೆ ತಡೆಯಿಲ್ಲ.

ಆಹಾರ ಪರೀಕ್ಷಕರು ಬರಲು ಇನ್ನು ಎಂಟು ದಿನವಿತ್ತು.

ನಾನು ಬೆಳಿಗ್ಗೆಯೇ ದೂಮಪ್ಪಣ್ಣನ ಮನೆಗೆ ಹೋದೆ. ಅವರು ನಿವೃತ್ತ ಬ್ಯಾಂಕ್ ಮ್ಯಾನೇಜರು. ಸುದ್ದಿ ಆಗಲೇ ಮುಟ್ಟಿತ್ತು. ಕನ್ನಡಕ ಹಾಕಿಕೊಂಡು ಲೇಬಲಿನ ಫೋಟೋ ನೋಡುತ್ತಿದ್ದರು.

"ಬಾ ವಾರಿಜಾ, ಕೂತ್ಕೊ. ನಮ್ಮ ಜಾಗದಲ್ಲಿ ಇಷ್ಟು ಒಳ್ಳೆ ಅಂಜೂರ ಆಗ್ತದೆ ಅಂತ ನನಗೇ ಗೊತ್ತಿರ್ಲಿಲ್ಲ ನೋಡು."

"ಅಣ್ಣಾ, ಅಲ್ಲಿ ಕೆಸು ಬಿಟ್ರೆ ಎಂತದೂ ಆಗುದಿಲ್ಲ. ನೀವೂ ನೋಡ್ತಾ ಇದ್ದೀರಲ್ಲ ದಿನಾ?"

"ನಾನು ನೋಡುದು ಮುಖ್ಯ ಅಲ್ಲ. ಸರಕಾರ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಒಂದು ಸರಕಾರಿ ಕಾಗದದಲ್ಲಿ ನನ್ನ ಹೆಸರು ಆ ಜಾಗದ ಜೊತೆ ಬಂದದ್ದು. ನಾನು ಸಹಿ ಹಾಕ್ತೇನೆ. ಆದರೆ ಜಾಗ ದೂಮಪ್ಪನದ್ದು ಅಂತ ಉಮಾನಾಥ ಮೊದಲು ಬರೆದು ಕೊಡ್ಲಿ."

ಮನೆಗೆ ಬಂದು ಭಾವನ ಕಾಲು ಹಿಡಿಯುವುದೊಂದು ಬಾಕಿ. "ಭಾವ, ಎರಡು ಅಡಿ. ನಿಮಗೆ ಅದರಲ್ಲಿ ಒಂದು ಕುರ್ಚಿ ಹಾಕ್ಲಿಕ್ಕೂ ಆಗುದಿಲ್ಲ. ಬಿಟ್ಟುಕೊಡಿ. ಆ ಹೆಂಗಸರಿಗೆ ನಾನು ಮಾತು ಕೊಟ್ಟಿದ್ದೇನೆ."

ಭಾವ ಪೆನ್ನು ಕೈಗೆ ತೆಗೆದುಕೊಂಡರು. ಪಾಪ, ಅವರಿಗೂ ಆ ಹೆಂಗಸರ ಬಗ್ಗೆ ಮರುಕವಿತ್ತು. ಹಿಂದಿನ ವಾರವಷ್ಟೇ ಪೇಪರು ಓದುತ್ತ, ಒಂದು ತುಂಡು ನೆಲಕ್ಕೆ ಹೀಗೆ ಕಚ್ಚಾಡ್ತಾರಲ್ಲ ಈ ದೇಶಗಳು, ಮನುಷ್ಯರಾ ಇವರು ಎಂದು ಬೈದಿದ್ದರು. ಪೆನ್ನಿನ ಮುಚ್ಚಳ ತೆಗೆದರು. ಮತ್ತೆ ಹಾಕಿದರು.

"ಇವತ್ತು ಎರಡು ಅಡಿ ಕೊಟ್ರೆ ನಾಳೆ ನಾಲ್ಕು ಅಡಿ ಕೇಳ್ತಾನೆ ಅವ" ಎಂದರು. "ಜಾಗದ ಪ್ರಶ್ನೆ ಅಲ್ಲ ವಾರಿಜಾ. ತತ್ವದ ಪ್ರಶ್ನೆ."

ತೂರಿಯದ ವಿದೇಶಾಂಗ ಮಂತ್ರಿಯೂ ಅದೇ ವಾರ ಇದೇ ಮಾತು ಹೇಳಿದ್ದರು. ಅಡಿಯ ಬದಲು ಮೈಲಿ ಎಂದಿದ್ದರು, ಅಷ್ಟೇ.

ಕುಸುಮಕ್ಕ ಅಡುಗೆಮನೆಯಿಂದ ಬಂದು ಸೌಟು ಹಿಡಿದುಕೊಂಡೇ ಕೇಳಿದರು, "ನಿಮ್ಮ ತತ್ವದಲ್ಲಿ ನಾನು ಒಂದು ದಿನವಾದ್ರೂ ಬಟ್ಟೆ ಒಣಗಿಸಿದ್ದುಂಟಾ?"

"ನೀನು ಆಂಧ್ರದ ಅಕ್ಕಿ ಉಣ್ಣುವವಳು, ಮಾತಾಡಬೇಡ" ಎಂದರು ಭಾವ.

ಕುಸುಮಕ್ಕ ಸೌಟು ಕೆಳಗಿಟ್ಟು ಆ ದಿನವೇ ತವರಿಗೆ ಹೊರಟರು, ತಮ್ಮನಿಗೆ ಬೈಯುವುದು ಹೇಗೂ ಬಾಕಿಯಿತ್ತು.

ನಾನು ಎಂಟು ದಿನವೂ ಆ ಗೋಡೆಯಿಂದ ಈ ಗೋಡೆಗೆ ನಡೆದೆ. ಪಾಲು ಮಾಡಿ ಒಂದೊಂದು ಅಡಿ ಇಟ್ಟುಕೊಳ್ಳಿ ಎಂದೆ. ಯಾವ ಒಂದು ಅಡಿ ಯಾರಿಗೆ ಎಂದು ಜಗಳವಾಯಿತು. ಜಂಟಿಯಾಗಿ ಇಬ್ಬರಿಗೂ ಇರಲಿ ಎಂದೆ. ಯಾರ ಹೆಸರು ಮೊದಲು ಬರೆಯುವುದು ಎಂದು ಜಗಳವಾಯಿತು. ಅಕ್ಷರಮಾಲೆಯಂತೆ ಬರೆಯೋಣ ಎಂದೆ, ಭಾವ ತಟ್ಟನೆ ಒಪ್ಪಿದರು. ದೂಮಪ್ಪಣ್ಣ ವಯಸ್ಸಿನ ಪ್ರಕಾರ ಬರೆಯಬೇಕೆಂದರು. ಅವರು ಮೂರು ತಿಂಗಳು ದೊಡ್ಡವರು. ಇದರ ನಡುವೆ ಗೋದಾಮಿಗೆ ಹೋಗಿ ಪೆಟ್ಟಿಗೆ ತೆರೆದು ಮೂಸುತ್ತಿದ್ದೆ. ಐದನೆಯ ದಿನ ಸಿಹಿ ವಾಸನೆಯ ಕೆಳಗೆ ಒಂದು ಹುಳಿ ವಾಸನೆ ಇತ್ತು. ಆರನೆಯ ದಿನ ಒಂದು ಅಂಜೂರ ತಾನೇ ಅಲುಗಾಡಿತು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ.

ಅಂದೇ ನಾರೀನ್ ಮಾತಾಡಿ ಕಳಿಸಿದಳು. "ಪ್ರಿಯ ಸಹೋದರಿ, ಅಂಗಡಿಯಲ್ಲಿ ನಮ್ಮ ಪೆಟ್ಟಿಗೆ ಇರುವ ಒಂದು ಛಾಯಾಚಿತ್ರ ಕಳಿಸುವಿರಾ? ಹಳ್ಳಿಯ ಹೆಸರು ಕಾಣುವಂತೆ ಇರಲಿ. ಶಾಲೆಯ ಗೋಡೆಗೆ ಹಾಕಬೇಕೆಂದು ಹೆಂಗಸರು ಬಯಸಿದ್ದಾರೆ."

ನಾನು ಆ ಬೋಳು ಮರದ ಪೆಟ್ಟಿಗೆ ನೋಡಿದೆ. ಫೋಟೋ ತೆಗೆಯಲಿಲ್ಲ.

* * *

ಜೂನ್ ಹನ್ನೆರಡಕ್ಕೆ ಆಹಾರ ಪರೀಕ್ಷಕರು ಗೋದಾಮಿಗೇ ಬಂದರು. ಮೂಗಿಗೆ ಕರವಸ್ತ್ರ ಹಿಡಿದು ಎರಡು ಪೆಟ್ಟಿಗೆ ತೆರೆಸಿ, ಮೂರನೆಯದನ್ನು ತೆರೆಸಲಿಲ್ಲ. ಇಡೀ ಸರಕು ಮನುಷ್ಯರ ಬಳಕೆಗೆ ಅಯೋಗ್ಯ ಎಂದು ಬರೆದರು. ಇಂಥ ಸರಕನ್ನು ಏನು ಮಾಡಬೇಕು ಎಂದು ಅದೇ ಹೊಸ ನಿಯಮದ ಮೂವತ್ತೆಂಟನೇ ಪುಟದಲ್ಲಿತ್ತು. ತಿರಸ್ಕೃತ ವಸ್ತುವನ್ನು ಲೇಬಲಿನಲ್ಲಿ ನಮೂದಿಸಿದ ಮೂಲಸ್ಥಳಕ್ಕೆ ಹಿಂದಿರುಗಿಸತಕ್ಕದ್ದು.

ಮರುದಿನ ಮಧ್ಯಾಹ್ನ ಮೂರು ಟಿಪ್ಪರ್ ಲಾರಿ ನಮ್ಮ ಓಣಿಗೆ ಬಂದವು. ನಾನು ಗೇಟಿನಲ್ಲಿ ನಿಂತು ಕೈ ಅಡ್ಡ ಹಿಡಿದೆ. ಚಾಲಕ ಇಳಿದು, ಕಾಗದ ನೋಡಿ, ಗೋಡೆ ನೋಡಿ, ಮತ್ತೆ ಕಾಗದ ನೋಡಿದ.

"ಅಕ್ಕಾ, ಇದರಲ್ಲಿ ಎರಡು ಅಡಿ ಅಂತ ಉಂಟು. ಒಂಬೈನೂರು ಪೆಟ್ಟಿಗೆ ಹಿಡಿಸ್ತದಾ?"

"ಹಿಡಿಸುದಿಲ್ಲ."

"ಆದರೂ ಹಾಕ್ಲೇಬೇಕು" ಎಂದು ಅವನು ನಿಟ್ಟುಸಿರು ಬಿಟ್ಟು ಲಾರಿ ಹಿಂದಕ್ಕೆ ತೆಗೆದ.

ಹಾಕಿದರು. ಎರಡು ಗೋಡೆಗಳ ನಡುವೆ, ಕೆಸುವಿನ ಗಿಡ ಮುಚ್ಚಿ, ಬಕೆಟು ಮುಚ್ಚಿ, ನಮ್ಮ ಕಿಟಕಿಯ ಎತ್ತರಕ್ಕೆ, ಅವರ ಕಿಟಕಿಯ ಎತ್ತರಕ್ಕೆ, ಅಶ್ಪೀ ಹಳ್ಳಿಯ ಒಂದು ವರ್ಷದ ಬೆಳೆಯನ್ನು ಸುರಿದರು. ಒಡೆದ ಪೆಟ್ಟಿಗೆಗಳಿಂದ ಕರಿ ರಸ ಇಳಿಯಿತು. ಇರುವೆ ಬಂತು, ಕಣಜ ಬಂತು, ಊರಿನ ಕಾಗೆಯೆಲ್ಲ ಬಂತು. ಅವುಗಳಿಗೆ ಮಾತ್ರ ಯಾರ ಒಪ್ಪಿಗೆಯೂ ಬೇಕಾಗಲಿಲ್ಲ.

ಭಾವ ನಮ್ಮ ಕಡೆಯ ಗೋಡೆ ಹತ್ತಿ ನಿಂತರು. ದೂಮಪ್ಪಣ್ಣ ತಮ್ಮ ಕಡೆಯದನ್ನು ಹತ್ತಿದರು. ಇಪ್ಪತ್ತೆರಡು ವರ್ಷದಲ್ಲಿ ಅವರಿಬ್ಬರೂ ಅಷ್ಟು ಹತ್ತಿರ ನಿಂತದ್ದೇ ಇಲ್ಲ. ಏನಾದರೂ ಒಳ್ಳೆಯ ಮಾತು ಹುಟ್ಟೀತೆಂದು ನಾನು ಕಾದೆ, ಇಷ್ಟಾದ ಮೇಲೂ.

"ನಿಮ್ಮ ಕಡೆಗೆ ಜಾಸ್ತಿ ಬಿದ್ದಿದೆ ಉಮಾನಾಥ" ಎಂದರು ದೂಮಪ್ಪಣ್ಣ. "ಅಂದ್ರೆ ಜಾಗ ನಿಮ್ಮದು ಅಂತ ತೋರಿಸ್ಲಿಕ್ಕೆ ನೀವೇ ಹಾಕಿಸಿದ್ದು."

"ಕಸ ಎಲ್ಲ ನನ್ನದಾ? ಅಳತೆ ಆಗ್ಲಿ. ಅಮೀನರನ್ನು ಕರೆಸ್ತೇನೆ."

"ನಾನೂ ಕರೆಸ್ತೇನೆ."

ದೂಮಪ್ಪಣ್ಣ ಸಾಕ್ಷಿಗೆಂದು ಫೋಟೋ ತೆಗೆದುಕೊಂಡರು. ಅವರ ಫೋಟೋದಲ್ಲಿ ಅಂಜೂರ ಬಹಳ ಚೆನ್ನಾಗಿ ಬಂದಿದೆ ಎಂದು ಆಮೇಲೆ ಕೇಳಿದೆ.

ಆ ಸಂಜೆ ನಾನು ನಾರೀನ್‌ಗೆ ಬರೆಯಲು ಕೂತೆ. ಯಂತ್ರದಿಂದ ಶುರು ಮಾಡಿದೆ, ಅಳಿಸಿದೆ. ಎರಡು ಅಡಿಯಿಂದ ಶುರು ಮಾಡಿದೆ. ಬರೆಯುತ್ತ ನನಗೆ ಎಷ್ಟು ನಾಚಿಕೆಯಾಯಿತೆಂದರೆ ಅದನ್ನೂ ಅಳಿಸಿದೆ. ಹೇಡಿ ನಾನು. ಕೊನೆಗೆ ಆಹಾರ ಪರೀಕ್ಷಕರ ಆದೇಶದ ಸಾಲನ್ನೇ ಕಳಿಸಿಬಿಟ್ಟೆ. "ಸರಕನ್ನು ಮೂಲಸ್ಥಳಕ್ಕೆ ಹಿಂದಿರುಗಿಸಲಾಗಿದೆ."

ನಾಲ್ಕು ದಿನ ಬಿಟ್ಟು ಉತ್ತರ ಬಂತು. "ಪ್ರಿಯ ಸಹೋದರಿ, ಮಾರಾಟವಾಗಲಿಲ್ಲವೆಂದು ದುಃಖಪಡಬೇಡಿ. ಸರಕು ಇಲ್ಲಿಗೆ ಇನ್ನೂ ತಲುಪಿಲ್ಲ. ಮೇಲಿನ ಸೇತುವೆಯ ಬಳಿ ಸೈನಿಕರು ತಡೆದಿರಬಹುದು, ಅದು ವಾಡಿಕೆ. ಹೆಂಗಸರು ಛಾವಣಿಗಳನ್ನು ಗುಡಿಸಿ ಇಟ್ಟಿದ್ದಾರೆ. ಪ್ರತಿದಿನ ಬೆಳಿಗ್ಗೆ ಒಬ್ಬರು ಸೇತುವೆಯ ತನಕ ಹೋಗಿ ನೋಡಿ ಬರುತ್ತಾರೆ."

ನಾನು ಇನ್ನೂ ಉತ್ತರ ಬರೆದಿಲ್ಲ. ಭಾವ ಹೊಸ ಯಂತ್ರದ ಕೆಲಸ ಶುರು ಮಾಡಿದ್ದಾರೆ. ವಾಸನೆ ಯಾರ ಕಡೆಯಿಂದ ಬರುತ್ತಿದೆ ಎಂದು ಖಚಿತವಾಗಿ ಹೇಳುವ ಯಂತ್ರವಂತೆ.